ನಾಲ್ವರು ಮುಖ್ಯಮಂತ್ರಿಗಳ ಜಿಲ್ಲೆಯಿಂದ ಒಂದು ಪ್ರಶ್ನೆ: ಮುಂದಿನ ನಾಯಕನನ್ನು ಆರಿಸುವ ನಿಯಮ ಎಲ್ಲಿದೆ?

ಮಾನ್ಯ ಸಂಪಾದಕರೇ,

ರಾಜ್ಯದ ರಾಜಕೀಯ ಪಕ್ಷಗಳಲ್ಲಿ ಮುಂದಿನ ನಾಯಕ ಯಾರಾಗಬಹುದು ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೇಲಿಂದ ಮೇಲೆ ವರದಿಗಳು ಬರುತ್ತಿರುತ್ತವೆ. ಯಾರು ದೆಹಲಿಗೆ ಹೊರಟರು, ಯಾರ ಮನೆಯ ಔತಣಕ್ಕೆ ಎಷ್ಟು ಮಂದಿ ಶಾಸಕರು ಬಂದರು, ವರಿಷ್ಠರು ಯಾರಿಗೆ ಭೇಟಿಯ ಅವಕಾಶ ಕೊಡಲಿಲ್ಲ ಎಂಬುದೆಲ್ಲ ಓದುಗರಿಗೆ ತಿಳಿಯುತ್ತದೆ. ಆದರೆ ನಾಯಕನನ್ನು ಯಾವ ನಿಯಮದ ಪ್ರಕಾರ ಆರಿಸಲಾಗುತ್ತದೆ, ಮತ ಹಾಕುವ ಹಕ್ಕು ಯಾರಿಗಿದೆ, ಎಣಿಸುವವರು ಯಾರು ಎಂಬುದನ್ನು ತಿಳಿಸುವ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇದನ್ನು ವರದಿಗಾರರ ಲೋಪವೆಂದು ನಾನು ಹೇಳುತ್ತಿಲ್ಲ. ವರದಿ ಮಾಡುವುದಕ್ಕೆ ಅಂಥದ್ದೇನೂ ನಡೆಯುತ್ತಿಲ್ಲವಷ್ಟೆ.

ಈ ಪ್ರಶ್ನೆ ಎತ್ತಲು ಶಿವಮೊಗ್ಗ ಜಿಲ್ಲೆಯವರಿಗೆ ಬೇರೆಯವರಿಗಿಂತ ಹೆಚ್ಚಿನ ಕಾರಣವಿದೆ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ, ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ನಮ್ಮದೆಂದು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. (ಪಟೇಲರ ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಆದರೂ ಅವರನ್ನು ನಮ್ಮವರೆನ್ನುವುದನ್ನು ನಾವು ಬಿಟ್ಟಿಲ್ಲ.) ಈ ನಾಲ್ವರಲ್ಲಿ ಒಬ್ಬರಿಗೂ ಐದು ವರ್ಷದ ಪೂರ್ಣ ಅವಧಿ ದೊರೆಯಲಿಲ್ಲ ಎಂಬುದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ. ಅವರು ಆ ಪದವಿಗೆ ಬಂದ ಬಗೆಯನ್ನೂ ಅಲ್ಲಿಂದ ಇಳಿದ ಬಗೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಪಕ್ಷಗಳಲ್ಲಿ ನಾಯಕತ್ವ ಕೈಬದಲಾಗುವ ಕ್ರಮ ಎಷ್ಟರ ಮಟ್ಟಿಗೆ ಇಲ್ಲವಾಗಿದೆ ಎಂಬುದು ಗೊತ್ತಾಗುತ್ತದೆ.

ಮಂಜಪ್ಪನವರು ಮುಖ್ಯಮಂತ್ರಿಯಾದದ್ದು 1956ರ ಆಗಸ್ಟ್‌ನಲ್ಲಿ, ಕೆಂಗಲ್ ಹನುಮಂತಯ್ಯನವರು ತಮ್ಮದೇ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡು ರಾಜೀನಾಮೆ ಕೊಟ್ಟ ಮೇಲೆ. ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಎಸ್. ನಿಜಲಿಂಗಪ್ಪನವರು ಬಂದರು. ಆ ನಿಜಲಿಂಗಪ್ಪನವರೂ 1958ರಲ್ಲಿ ಶಾಸಕರ ಬೆಂಬಲ ಉಳಿಸಿಕೊಳ್ಳಲಾಗದೆ ಬಿ.ಡಿ. ಜತ್ತಿಯವರಿಗೆ ಸ್ಥಾನ ಬಿಟ್ಟುಕೊಟ್ಟರು. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಎಸ್.ಆರ್. ಕಂಠಿಯವರು ಕೆಲವು ತಿಂಗಳು ಆ ಹುದ್ದೆಯಲ್ಲಿದ್ದು, ನಿಜಲಿಂಗಪ್ಪನವರು ಮತ್ತೆ ಗೆದ್ದು ಬಂದೊಡನೆ ತಕರಾರಿಲ್ಲದೆ ಇಳಿದರು. ಆ ಕಾಲದಲ್ಲಿ ಗುಂಪುಗಾರಿಕೆ ಇರಲಿಲ್ಲ, ಜಾತಿಯ ಲೆಕ್ಕಾಚಾರ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಆದರೆ ನಾಯಕನನ್ನು ಏರಿಸುವ, ಇಳಿಸುವ ಶಕ್ತಿ ಬಹುಮಟ್ಟಿಗೆ ಬೆಂಗಳೂರಿನಲ್ಲಿ ಸೇರುತ್ತಿದ್ದ ಶಾಸಕಾಂಗ ಪಕ್ಷದ ಸಭೆಯಲ್ಲೇ ಇತ್ತು. 1969ರಲ್ಲಿ ಕಾಂಗ್ರೆಸ್ ಒಡೆದು, ಅಖಿಲ ಭಾರತ ಅಧ್ಯಕ್ಷರಾಗಿದ್ದ ಅದೇ ನಿಜಲಿಂಗಪ್ಪನವರ ಬಣ ಸೊರಗಿದ ಮೇಲೆ ಆ ಶಕ್ತಿ ದೆಹಲಿಗೆ ಹೋಯಿತು, ಹೋದದ್ದು ಮರಳಲಿಲ್ಲ.

ಇನ್ನೊಂದು ಪರಂಪರೆ, ಸಮಾಜವಾದಿಗಳದು, ಇದೇ ನೆಲದಲ್ಲಿ ಬೆಳೆದದ್ದು. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಮರುವರ್ಷ ನಡೆದ ಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು ಆಸ್ತಿವಂತರಲ್ಲ, ಅವರ ಹಿಂದೆ ದೊಡ್ಡ ಮನೆತನವೂ ಇರಲಿಲ್ಲ. ಮತದಾರರಿಂದ ಓಟಿನ ಜೊತೆಗೆ ಒಂದು ನೋಟನ್ನೂ ಕೇಳಿ ಚುನಾವಣೆ ನಡೆಸಿದ ಅವರ ಬಗೆಯನ್ನು ತೀರ್ಥಹಳ್ಳಿ, ಸಾಗರದ ಹಿರಿಯರು ಇಂದಿಗೂ ಹೇಳುತ್ತಾರೆ. ಅವರು ತಮ್ಮ ನಂತರ ಇಂಥವರೇ ಎಂದು ಯಾರನ್ನೂ ಘೋಷಿಸಲಿಲ್ಲ. ಹೋರಾಟ, ಓದು, ರಾತ್ರಿಯಿಡೀ ನಡೆಯುವ ಚರ್ಚೆ, ಜೈಲುವಾಸ ಇವುಗಳ ನಡುವೆ ಒಂದು ಗುಂಪು ತಾನಾಗಿ ತಯಾರಾಯಿತು. 1972ರ ಚುನಾವಣೆಯಲ್ಲಿ ರಾಜ್ಯದ ಉದ್ದಗಲಕ್ಕೂ ಇಂದಿರಾ ಗಾಂಧಿಯವರ ಅಲೆ ಬೀಸುತ್ತಿದ್ದಾಗ ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಸೊರಬದಲ್ಲಿ ಬಂಗಾರಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ, ಹೀಗೆ ಮೂವರು ಸಮಾಜವಾದಿಗಳು ಗೆದ್ದರು. ಅದೇ ವರ್ಷದ ಜೂನ್‌ನಲ್ಲಿ ಗೋಪಾಲಗೌಡರು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಪಟೇಲರೂ ಇದೇ ಗರಡಿಯವರು. ಮಗ, ಅಳಿಯ, ಸೋದರಳಿಯ ಎಂಬ ಯಾವ ನಂಟಿನ ಬಲವೂ ಇಲ್ಲದೆ ಇಷ್ಟು ಮಂದಿ ಸಮರ್ಥ ಉತ್ತರಾಧಿಕಾರಿಗಳನ್ನು ತಯಾರಿಸಿದ ಇನ್ನೊಂದು ರಾಜಕೀಯ ಗರಡಿ ಕರ್ನಾಟಕದಲ್ಲಿ ನನಗೆ ಕಾಣುವುದಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿ ಹೊಗಳಿಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ವ್ಯಕ್ತಿಗಳನ್ನು ತಯಾರಿಸಿದ ಆ ಪಕ್ಷ, ಅವರಲ್ಲಿ ಮುಂದಾಳು ಯಾರು ಎಂಬುದನ್ನು ತೀರ್ಮಾನಿಸುವ, ತೀರ್ಮಾನಕ್ಕೆ ಸೋತವರೂ ತಲೆಬಾಗುವ ಕ್ರಮವನ್ನು ಮಾಡಿಕೊಳ್ಳಲಿಲ್ಲ. ಪ್ರಜಾ ಸಮಾಜವಾದಿ, ಸಂಯುಕ್ತ ಸಮಾಜವಾದಿ ಎಂದು ದೇಶದ ಮಟ್ಟದಲ್ಲಿ ಒಡೆಯುತ್ತ ಕೂಡುತ್ತ ಸಾಗಿದ ಪಕ್ಷ 1977ರಲ್ಲಿ ಜನತಾ ಪಕ್ಷದೊಳಗೆ ಕರಗಿಹೋಯಿತು. 1972ರಲ್ಲಿ ಒಟ್ಟಿಗೆ ಗೆದ್ದ ಆ ಮೂವರು ಒಂದು ದಶಕ ಕಳೆಯುವುದರೊಳಗೆ ಬೇರೆ ಬೇರೆ ಪಕ್ಷಗಳಲ್ಲಿದ್ದರು. ಇದು ಸಮಾಜವಾದಿಗಳ ಮಾತಷ್ಟೇ ಅಲ್ಲ. ಎಪ್ಪತ್ತರ ದಶಕದಲ್ಲಿ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ, 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ಮುಂದಾಳತ್ವದಲ್ಲಿ ಶಿವಮೊಗ್ಗದಿಂದ ಎದ್ದ ರಾಜ್ಯ ರೈತ ಸಂಘ, ಇವೆರಡೂ ಈ ಜಿಲ್ಲೆಯ ಕೊಡುಗೆಗಳು. ಎರಡೂ ಇಂದು ಹಲವು ಬಣಗಳಾಗಿವೆ, ಪ್ರತಿ ಬಣಕ್ಕೂ ಒಬ್ಬ ಅಧ್ಯಕ್ಷರಿದ್ದಾರೆ, ಪ್ರತಿಯೊಬ್ಬರೂ ಮೂಲ ಸಂಘ ತಮ್ಮದೇ ಎನ್ನುತ್ತಾರೆ. ಸಿದ್ಧಾಂತದ ಭಿನ್ನಾಭಿಪ್ರಾಯವೇ ಒಡಕಿಗೆ ಕಾರಣವೆಂದು ಆಯಾ ಬಣದವರು ವಾದಿಸಿಯಾರು. ನಾನು ಆ ವಾದವನ್ನು ಪೂರ್ತಿ ತಳ್ಳಿಹಾಕುವುದಿಲ್ಲ; ಆದರೂ ಭಿನ್ನಾಭಿಪ್ರಾಯವನ್ನು ಒಳಗೇ ಮತಕ್ಕೆ ಹಾಕಿ ಮುಗಿಸುವ ದಾರಿ ಇದ್ದಿದ್ದರೆ ಇಷ್ಟೊಂದು ನಾಮಫಲಕಗಳು ಬೇಕಾಗುತ್ತಿರಲಿಲ್ಲ.

ಬಂಗಾರಪ್ಪನವರ ರಾಜಕೀಯ ಜೀವನವನ್ನಂತೂ ಉತ್ತರಾಧಿಕಾರದ ಪಾಠವಾಗಿಯೇ ಓದಬಹುದು. 1983ರಲ್ಲಿ ಜನತಾ ಪಕ್ಷ ಮತ್ತು ಬಂಗಾರಪ್ಪನವರಿದ್ದ ಕ್ರಾಂತಿರಂಗ ಪಕ್ಷ ಕೂಡಿ ಕಾಂಗ್ರೆಸ್ಸನ್ನು ಮೊದಲ ಬಾರಿಗೆ ಸೋಲಿಸಿದಾಗ ಸೊರಬ ಸೀಮೆಯ ಜನ ಅವರೇ ಮುಖ್ಯಮಂತ್ರಿ ಎಂದುಕೊಂಡಿದ್ದರು. ಸ್ಥಾನ ಸಿಕ್ಕಿದ್ದು ಆ ಚುನಾವಣೆಯಲ್ಲಿ ಸ್ಪರ್ಧಿಸದೇ ಇದ್ದ ರಾಮಕೃಷ್ಣ ಹೆಗಡೆಯವರಿಗೆ. ಹೆಗಡೆಯವರು ಒಳ್ಳೆಯ ಆಡಳಿತ ಕೊಟ್ಟರೇ ಇಲ್ಲವೇ ಎಂಬುದು ಬೇರೆ ಚರ್ಚೆ. ಬಂಗಾರಪ್ಪನವರು ಕಾಂಗ್ರೆಸ್ಸಿಗೆ ಹೋದರು. 1989ರಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್ಸಿನ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅನಾರೋಗ್ಯದಿಂದ ಮಲಗಿದ್ದಾಗ, 1990ರ ಅಕ್ಟೋಬರ್‌ನಲ್ಲಿ, ಪಕ್ಷದ ರಾಷ್ಟ್ರೀಯ ಅಧ್ಯಕ್ಷ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿಬಿಟ್ಟರು. ಅದರ ಫಲವಾಗಿ ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಎರಡು ವರ್ಷ ತುಂಬಿದ ಸುಮಾರು ಒಂದು ತಿಂಗಳಿಗೆ, 1992ರ ನವೆಂಬರ್‌ನಲ್ಲಿ, ಅದೇ ಹೈಕಮಾಂಡ್ ಅವರನ್ನೂ ಇಳಿಸಿ ವೀರಪ್ಪ ಮೊಯಿಲಿಯವರನ್ನು ತಂದಿತು. ಅವರು ಸುಮ್ಮನಿರಲಿಲ್ಲ, ಕರ್ನಾಟಕ ಕಾಂಗ್ರೆಸ್ ಪಕ್ಷವನ್ನು ಕಟ್ಟಿ 1994ರ ಚುನಾವಣೆಗೆ ಇಳಿದರು. 178 ಇದ್ದ ಕಾಂಗ್ರೆಸ್ 34ಕ್ಕೆ ಇಳಿಯಿತು. ಇಳಿತಕ್ಕೆ ಇತರ ಕಾರಣಗಳೂ ಇದ್ದವು, ಆದರೆ ಒಂದೇ ಅವಧಿಯಲ್ಲಿ ಇಬ್ಬರು ಮುಖ್ಯಮಂತ್ರಿಗಳನ್ನು ದೆಹಲಿಯಿಂದ ಬದಲಿಸಿದ ಪಕ್ಷದ ಮೇಲೆ ಮತದಾರನಿಗೆ ನಂಬಿಕೆ ಉಳಿಯಬೇಕಾದರೂ ಹೇಗೆ?

ಹತ್ತೊಂಬತ್ತು ವರ್ಷಗಳ ನಂತರ ಇದೇ ಕಥೆ ಬೇರೆ ಬಾವುಟದಡಿ ಮರುಕಳಿಸಿತು. ಶಿಕಾರಿಪುರದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಕೆಲಸದಿಂದ ಆರಂಭಿಸಿ, ಪುರಸಭೆಯ ಸದಸ್ಯರಾಗಿ, 1983ರಲ್ಲಿ ಶಾಸಕರಾಗಿ, 2008ರಲ್ಲಿ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರದ ಮುಖ್ಯಮಂತ್ರಿಯಾದವರು ಯಡಿಯೂರಪ್ಪನವರು. ಲೋಕಾಯುಕ್ತರ ಗಣಿ ವರದಿಯ ಹಿನ್ನೆಲೆಯಲ್ಲಿ 2011ರ ಜುಲೈ ಕೊನೆಗೆ ಅವರು ರಾಜೀನಾಮೆ ಕೊಟ್ಟಾಗ, ನಮ್ಮ ರಾಜ್ಯದಲ್ಲಿ ಅಪರೂಪವಾಗಿ ನಡೆಯುವ ಸಂಗತಿಯೊಂದು ನಡೆಯಿತು. ಬಿಜೆಪಿ ಶಾಸಕರು ಗುಪ್ತ ಮತದಾನ ಮಾಡಿ ಡಿ.ವಿ. ಸದಾನಂದ ಗೌಡ ಮತ್ತು ಜಗದೀಶ ಶೆಟ್ಟರ್ ಇವರಿಬ್ಬರಲ್ಲಿ ಗೌಡರನ್ನು ಆರಿಸಿದರು. ಸೋತ ಶೆಟ್ಟರ್ ಪಕ್ಷ ಬಿಡಲಿಲ್ಲ, ಸಂಪುಟ ಸೇರಿದರು. ಆ ತೀರ್ಮಾನವನ್ನು ಎಲ್ಲರೂ ಒಪ್ಪಿ ಅವಧಿ ಮುಗಿಯುವವರೆಗೆ ನಡೆದಿದ್ದರೆ ಒಂದು ಒಳ್ಳೆಯ ಸಂಪ್ರದಾಯ ಹುಟ್ಟಿಬಿಡುತ್ತಿತ್ತು. ಆದರೆ ಗೌಡರಿಗೆ ಮತ ಹಾಕಿಸಿದ ಯಡಿಯೂರಪ್ಪನವರ ಬಣವೇ ವರ್ಷ ತುಂಬುವ ಮೊದಲು ಗೌಡರನ್ನು ಇಳಿಸುವಂತೆ ಪಟ್ಟು ಹಿಡಿಯಿತು. 2012ರ ಜುಲೈನಲ್ಲಿ ಶೆಟ್ಟರ್ ಮುಖ್ಯಮಂತ್ರಿಯಾದರು. ಅದೇ ವರ್ಷದ ಕೊನೆಗೆ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕರ್ನಾಟಕ ಜನತಾ ಪಕ್ಷದ ನೇತೃತ್ವ ವಹಿಸಿದರು. 2013ರಲ್ಲಿ ಬಿಜೆಪಿ 40 ಸ್ಥಾನಕ್ಕೆ ಕುಸಿಯಿತು, ಕೆಜೆಪಿಗೆ ಸಿಕ್ಕಿದ್ದು 6. 1994ರಲ್ಲಿ ಒಂದು ಪಕ್ಷ, 2013ರಲ್ಲಿ ಇನ್ನೊಂದು. ಎರಡೂ ಸಲ ಮುನಿಸಿಕೊಂಡು ಹೊರಟವರು ನಮ್ಮ ಜಿಲ್ಲೆಯ ನಾಯಕರು, ಎರಡೂ ಸಲ ಅವರನ್ನು ಹೊರಡುವಂತೆ ಮಾಡಿದ್ದು ಮುಂದಿನವರು ಯಾರು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪಿದ ಕ್ರಮದಲ್ಲಿ ಉತ್ತರ ಸಿಗದಿದ್ದದ್ದು.

ಕ್ರಮವಿಲ್ಲದ ಕಡೆ ಮನೆತನ ಬಂದು ಕೂರುತ್ತದೆ. 1967ರಿಂದ ಸುಮಾರು ಮೂರು ದಶಕ ಬಂಗಾರಪ್ಪನವರು ಪ್ರತಿನಿಧಿಸಿದ ಸೊರಬದಲ್ಲಿ ಅವರ ಮಕ್ಕಳಾದ ಕುಮಾರ್ ಬಂಗಾರಪ್ಪ ಮತ್ತು ಮಧು ಬಂಗಾರಪ್ಪನವರು 2004ರಿಂದ 2023ರವರೆಗಿನ ಐದೂ ವಿಧಾನಸಭಾ ಚುನಾವಣೆಗಳಲ್ಲಿ ಪರಸ್ಪರ ಎದುರಾಳಿಗಳಾಗಿ ನಿಂತರು. ಕುಮಾರ್ ಅವರು ಕಾಂಗ್ರೆಸ್‌ನಿಂದ ಬಿಜೆಪಿಗೆ ಬಂದರು. ಬಿಜೆಪಿಯಿಂದ ಮೊದಲು ಸ್ಪರ್ಧಿಸಿದ್ದ ಮಧು ಅವರು ಸಮಾಜವಾದಿ ಪಕ್ಷ, ಜೆಡಿಎಸ್ ದಾಟಿ ಕಾಂಗ್ರೆಸ್ ಸೇರಿದರು. ಪಕ್ಷಗಳು ಅದಲುಬದಲಾದರೂ ಮನೆ ಬದಲಾಗಲಿಲ್ಲ. ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರ ಮಗಳು 2023ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದೆ ಬಿಜೆಪಿ ಸೇರಿದಾಗ, ಗೇಣಿದಾರರ ಹೋರಾಟದಿಂದ ಬಂದ ಆ ಹಿರಿಯರಿಗೆ ಏನೆನ್ನಿಸಿರಬಹುದು ಎಂದು ಈ ಭಾಗದ ಅನೇಕರು ಮರುಗಿದ್ದುಂಟು. ಶಿಕಾರಿಪುರದಲ್ಲಿ 2022ರ ಜುಲೈನಲ್ಲಿ ಯಡಿಯೂರಪ್ಪನವರು ತಾವು ಸ್ಪರ್ಧಿಸುವುದಿಲ್ಲ, ಕ್ಷೇತ್ರವನ್ನು ಮಗ ವಿಜಯೇಂದ್ರರಿಗೆ ಬಿಟ್ಟುಕೊಡುತ್ತೇನೆ ಎಂದು ಬಹಿರಂಗವಾಗಿಯೇ ಹೇಳಿದರು. ತೀರ್ಮಾನ ವರಿಷ್ಠರದ್ದೆಂಬ ಸಮಜಾಯಿಷಿ ಆಮೇಲೆ ಬಂತು. ಕ್ಷೇತ್ರ ಬಿಟ್ಟುಕೊಡುವುದು ಮಲೆನಾಡಿಗೆ ಹೊಸದೇನೂ ಅಲ್ಲ, 1978ರಲ್ಲಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರನ್ನು ಇಂದಿರಾ ಗಾಂಧಿಯವರಿಗೆ ಬಿಟ್ಟುಕೊಟ್ಟಿದ್ದರು. ಆಗಲೂ ಈಗಲೂ ಆ ಕ್ಷೇತ್ರದ ಪಕ್ಷದ ಸದಸ್ಯರನ್ನು ಮತದ ಮೂಲಕ ಕೇಳಿದವರಿಲ್ಲ.

ಲೋಕಸಭೆಯ ಮಾತಿಗೆ ಬಂದರೆ, 2009, 2014, 2018ರ ಉಪಚುನಾವಣೆ, 2019 ಮತ್ತು 2024, ಈ ಐದೂ ಸಲ ಶಿವಮೊಗ್ಗ ಕ್ಷೇತ್ರದ ಕಣದಲ್ಲಿ ಯಡಿಯೂರಪ್ಪ ಮತ್ತು ಬಂಗಾರಪ್ಪನವರ ಎರಡು ಮನೆಗಳ ಹೆಸರಿತ್ತು. 2024ರಲ್ಲಿ ಇದು ವಿಚಿತ್ರದ ತುದಿ ಮುಟ್ಟಿತು. ಒಂದು ಕಡೆ ಮಾಜಿ ಮುಖ್ಯಮಂತ್ರಿಗಳ ಮಗ, ಇನ್ನೊಂದು ಕಡೆ ಇನ್ನೊಬ್ಬ ಮಾಜಿ ಮುಖ್ಯಮಂತ್ರಿಗಳ ಮಗಳು, ಮೂರನೆಯವರಾಗಿ ಕೆ.ಎಸ್. ಈಶ್ವರಪ್ಪನವರು. ಬಿಜೆಪಿ ಒಂದು ಕುಟುಂಬದ ಹಿಡಿತದಲ್ಲಿದೆ ಎಂಬುದು ಈಶ್ವರಪ್ಪನವರ ಆಪಾದನೆಯಾಗಿತ್ತು. ತಮ್ಮ ಮಗನಿಗೆ ಹಾವೇರಿಯ ಟಿಕೆಟ್ ತಪ್ಪಿದ್ದು ಅವರ ಸಿಟ್ಟಿಗೆ ಕಾರಣವಾಗಿತ್ತು. ಆ ಟಿಕೆಟ್ ಹೋದದ್ದು ಬಸವರಾಜ ಬೊಮ್ಮಾಯಿಯವರಿಗೆ, ಅವರೂ ಮಾಜಿ ಮುಖ್ಯಮಂತ್ರಿಗಳ ಮಗ. ಪಕ್ಷ ಈಶ್ವರಪ್ಪನವರನ್ನು ಆರು ವರ್ಷಕ್ಕೆ ಉಚ್ಚಾಟಿಸಿತು. ಬೂತ್‌ನಲ್ಲಿ ಚೀಟಿ ಹಂಚುತ್ತ ಬಂದ ಸಾಮಾನ್ಯ ಕಾರ್ಯಕರ್ತನಿಗೆ ಈ ಮೂವರಲ್ಲಿ ತನ್ನ ಕಡೆಯವರು ಯಾರೆಂದು ತೋಚದೆ ಹೋಗಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಾಯಕರ ಮಕ್ಕಳು ರಾಜಕೀಯಕ್ಕೆ ಬರಬಾರದು ಎಂಬುದು ನನ್ನ ವಾದವಲ್ಲ. ವಕೀಲರ ಮಗ ವಕೀಲನಾಗಲು ತಡೆಯಿಲ್ಲ, ಆದರೆ ಅವನೂ ಪರೀಕ್ಷೆ ಬರೆದು ಸನ್ನದು ಪಡೆಯಬೇಕು. ಮೇಲೆ ಹೆಸರಿಸಿದವರಲ್ಲಿ ಹಲವರು ಮತದಾರರ ಮುಂದೆ ಗೆದ್ದು ಬಂದವರು, ಆ ಗೆಲುವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಮತದಾರನಿಗೆ ಸಿಗುವುದು ಪಕ್ಷಗಳು ಮುಂದಿಟ್ಟ ಹೆಸರುಗಳಲ್ಲಿ ಒಂದನ್ನು ಆರಿಸುವ ಅವಕಾಶ ಮಾತ್ರ. ಆ ಹೆಸರು ಹೇಗೆ ಬಂತು ಎಂಬ ಹಂತದಲ್ಲಿ ಪಕ್ಷದ ಸದಸ್ಯನಿಗೇ ಪಾತ್ರವಿಲ್ಲ. ಮಕ್ಕಳು ಬರಲಿ, ತಂದೆಯ ಕ್ಷೇತ್ರದ ಸದಸ್ಯರೆದುರು ಇನ್ನಿಬ್ಬರ ಜೊತೆ ನಿಂತು ಮತ ಪಡೆದು ಬರಲಿ.

ಸದಸ್ಯರು ಮತ ಹಾಕಿದರೆ ಪಕ್ಷ ಒಡೆದುಹೋಗುತ್ತದೆ ಎಂಬ ಭಯವನ್ನು ಮುಖಂಡರು ಆಗಾಗ ವ್ಯಕ್ತಪಡಿಸುತ್ತಾರೆ. 2022ರ ಅಕ್ಟೋಬರ್‌ನಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಯನ್ನು ಅವರಿಗೆ ನೆನಪಿಸಬಹುದು. ನಮ್ಮ ರಾಜ್ಯದವರೇ ಆದ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072 ಮತ ಬಿದ್ದವು, 416 ಮತ ತಿರಸ್ಕೃತವಾದವು. ಮತದಾರರ ಪಟ್ಟಿಯನ್ನು ಬಹಿರಂಗಪಡಿಸಿ ಎಂದು ಪಕ್ಷದ ಕೆಲವು ಸಂಸದರೇ ಪತ್ರ ಬರೆಯಬೇಕಾಯಿತು, ಪ್ರಭಾವಿಗಳ ಒಲವು ಯಾರ ಕಡೆಗಿದೆ ಎಂಬುದೂ ಗುಟ್ಟಾಗಿರಲಿಲ್ಲ. ಇಷ್ಟೆಲ್ಲ ಕೊರತೆಗಳ ನಡುವೆಯೂ ಲೆಕ್ಕ ಹೊರಗೆ ಬಂತು, ಸೋತವರು ಪಕ್ಷದ ಕಾರ್ಯಕಾರಿ ಸಮಿತಿಗೆ ಸೇರಿದರು, ಪಕ್ಷ ಒಡೆಯಲಿಲ್ಲ. ಏಳು ತಿಂಗಳ ನಂತರ, 2023ರ ಮೇನಲ್ಲಿ, ಅದೇ ಪಕ್ಷ ಕರ್ನಾಟಕದಲ್ಲಿ ಅಧಿಕಾರಕ್ಕೆ ಬಂದಾಗ ಏನು ಮಾಡಿತು? ವೀಕ್ಷಕರು ಬಂದು ಶಾಸಕರ ಅಭಿಪ್ರಾಯ ಸಂಗ್ರಹಿಸಿದರು. ನಾಯಕನ ಆಯ್ಕೆಯನ್ನು ಅಧ್ಯಕ್ಷರಿಗೆ ಬಿಡುವ ಒಂದು ಸಾಲಿನ ನಿರ್ಣಯ ಅಂಗೀಕಾರವಾಯಿತು. ಯಾರಿಗೆ ಎಷ್ಟು ಶಾಸಕರ ಬೆಂಬಲ ಎಂಬ ಲೆಕ್ಕವನ್ನು ಪಕ್ಷ ಅಧಿಕೃತವಾಗಿ ಪ್ರಕಟಿಸಲೇ ಇಲ್ಲ. ಸಿದ್ದರಾಮಯ್ಯನವರ ನಂತರ ಡಿ.ಕೆ. ಶಿವಕುಮಾರ್ ಅವರಿಗೆ ಅವಕಾಶವೆಂಬ ಒಪ್ಪಂದ ಇತ್ತೇ ಇಲ್ಲವೇ ಎಂಬ ಚರ್ಚೆ ಆ ಬಳಿಕ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓಡಿತು. ಅಂದೇ ಮತ ಎಣಿಸಿ ಫಲಿತಾಂಶ ಹೇಳಿದ್ದರೆ ಆ ಚರ್ಚೆಗೆ ಜೀವವೇ ಇರುತ್ತಿರಲಿಲ್ಲ. ಬಿಜೆಪಿಯದೂ ಬೇರೆ ದಾರಿಯಲ್ಲ. 2021ರ ಜುಲೈನಲ್ಲಿ ಯಡಿಯೂರಪ್ಪನವರು ಇಳಿದಾಗ ಬೊಮ್ಮಾಯಿಯವರ ಆಯ್ಕೆ ಒಮ್ಮತದ್ದೆಂದು ಸಾರಲಾಯಿತು. 2023ರ ನವೆಂಬರ್‌ನಲ್ಲಿ ವಿಜಯೇಂದ್ರರು ರಾಜ್ಯಾಧ್ಯಕ್ಷರಾದದ್ದು ರಾಷ್ಟ್ರೀಯ ಅಧ್ಯಕ್ಷರ ನೇಮಕದಿಂದ. ಜೆಡಿಎಸ್ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ಮಲೆನಾಡಿನವರಿಗೆ ಮತ ಹಾಕಿ ಮುಂದಾಳನ್ನು ಆರಿಸುವುದು ತಿಳಿಯದ ವಿದ್ಯೆಯೇನಲ್ಲ. ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್‌ನಿಂದ ಹಿಡಿದು ಹೋಬಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದವರೆಗೆ ಐದು ವರ್ಷಕ್ಕೊಮ್ಮೆ ನಿರ್ದೇಶಕರ ಚುನಾವಣೆ ನಡೆಯುತ್ತದೆ. ಷೇರುದಾರರ ಮತದಾರರ ಪಟ್ಟಿ ಸೂಚನಾ ಫಲಕದ ಮೇಲೆ ಬರುತ್ತದೆ, ಹೆಸರು ಬಿಟ್ಟುಹೋದವರು ಆಕ್ಷೇಪಣೆ ಸಲ್ಲಿಸುತ್ತಾರೆ, ನಾಮಪತ್ರ, ಪರಿಶೀಲನೆ, ವಾಪಸಾತಿ, ಗುಪ್ತ ಮತದಾನ, ಅದೇ ಸಂಜೆ ಎಣಿಕೆ. ಅಲ್ಲಿಯೂ ಪಕ್ಷ ರಾಜಕಾರಣ ನುಗ್ಗಿದೆ, ಮಹಾಸಭೆಗೆ ಬರಲಿಲ್ಲವೆಂದು ಸದಸ್ಯರನ್ನು ಅನರ್ಹಗೊಳಿಸಿದ ವಿವಾದಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಆದರೂ ಸೋತವನು ಸಂಘ ಬಿಟ್ಟು ಹೋಗುವುದಿಲ್ಲ. ಮುಂದಿನ ಐದು ವರ್ಷ ಅದೇ ಸಂಘಕ್ಕೆ ಅಡಿಕೆ ಹಾಕುತ್ತಾನೆ, ಮಹಾಸಭೆಯಲ್ಲಿ ಎದ್ದು ಲೆಕ್ಕ ಕೇಳುತ್ತಾನೆ. ಕೆಲವು ನೂರು ಸದಸ್ಯರ ಸಹಕಾರ ಸಂಘಕ್ಕೆ ಕಾನೂನು ಇಷ್ಟು ಕಟ್ಟುಪಾಡು ವಿಧಿಸಿರುವಾಗ, ರಾಜ್ಯವನ್ನೇ ಆಳಬಯಸುವ ಪಕ್ಷಗಳಿಗೆ ಏಕೆ ವಿನಾಯಿತಿ?

ವಿನಾಯಿತಿ ನಿಜವಾಗಿಯೂ ಇದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿಯಾಗುತ್ತವೆ, ಸಂವಿಧಾನಕ್ಕೂ ಪ್ರಜಾಪ್ರಭುತ್ವದ ತತ್ತ್ವಕ್ಕೂ ನಿಷ್ಠರಾಗಿರುವುದಾಗಿ ಬರೆದುಕೊಡುತ್ತವೆ. ಪ್ರತಿ ಪಕ್ಷದ ನಿಯಮಾವಳಿಯಲ್ಲೂ ಆಂತರಿಕ ಚುನಾವಣೆಯ ಅಧ್ಯಾಯವಿದೆ. ಅದನ್ನು ಪಾಲಿಸದಿದ್ದರೆ ನೋಂದಣಿ ರದ್ದುಪಡಿಸುವ ಅಧಿಕಾರ ಆಯೋಗಕ್ಕಿಲ್ಲ. ಬೆರಳೆಣಿಕೆಯ ಸಂದರ್ಭಗಳನ್ನು ಬಿಟ್ಟರೆ ಒಮ್ಮೆ ಆದ ನೋಂದಣಿಯನ್ನು ಹಿಂತೆಗೆಯಲಾಗದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆಂಧ್ರದ ಪಕ್ಷವೊಂದು ತನ್ನ ಅಧ್ಯಕ್ಷರನ್ನು ಶಾಶ್ವತ ಅಧ್ಯಕ್ಷರೆಂದು ಆರಿಸಿದೆ ಎಂಬ ಸುದ್ದಿ 2022ರಲ್ಲಿ ಬಂದಾಗ ಆಯೋಗ ಅದು ಪ್ರಜಾಪ್ರಭುತ್ವಕ್ಕೆ ವಿರುದ್ಧವೆಂದು ತಿಳಿಸಿತು, ಅಷ್ಟರಮಟ್ಟಿಗೆ ಸಂತೋಷ. ಪಕ್ಷಗಳೊಳಗಿನ ಪ್ರಜಾಪ್ರಭುತ್ವವನ್ನು ಕಾನೂನಿನಿಂದ ಕಡ್ಡಾಯಗೊಳಿಸಬೇಕೆಂದು ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಜರ್ಮನಿಯ ಸಂವಿಧಾನದ 21ನೇ ವಿಧಿ ಪಕ್ಷಗಳ ಆಂತರಿಕ ವ್ಯವಸ್ಥೆ ಪ್ರಜಾಸತ್ತಾತ್ಮಕವಾಗಿರಬೇಕೆಂದು ನೇರವಾಗಿ ಹೇಳುತ್ತದೆ. ನಮ್ಮಲ್ಲಿ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು ಶಾಸಕನನ್ನು ಪಕ್ಷದ ವಿಪ್‌ಗೆ, ಅಂದರೆ ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಆದೇಶಕ್ಕೆ, ಕಟ್ಟಿಹಾಕಿತು, ಆದರೆ ವಿಪ್ ಹೊರಡಿಸುವ ನಾಯಕನನ್ನು ಯಾರ ಮತಕ್ಕೂ ಕಟ್ಟಿಹಾಕಲಿಲ್ಲ. ಹೊರಹೋಗುವ ದಾರಿಯನ್ನು ಕಾನೂನು ಮುಚ್ಚಿತು, ಒಳಗೆ ಮಾತನಾಡುವ ದಾರಿಯನ್ನು ಪಕ್ಷಗಳು ಮುಚ್ಚಿದವು. ಇಂಥ ಕಡೆ ಅಸಮಾಧಾನ ರೆಸಾರ್ಟ್‌ಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಆಂತರಿಕ ಚುನಾವಣೆ ಎಂದರೆ ಹಣವುಳ್ಳವರು ಸಾವಿರಗಟ್ಟಲೆ ಬೋಗಸ್ ಸದಸ್ಯರನ್ನು ಮಾಡಿ ಗೆಲ್ಲುತ್ತಾರೆ ಎಂಬ ಆಕ್ಷೇಪ ಗಂಭೀರವಾದದ್ದು. ಆನ್‌ಲೈನ್ ಮತದಾನದ ಮೂಲಕ ನಡೆದು 2021ರಲ್ಲಿ ಫಲಿತಾಂಶ ಬಂದ ರಾಜ್ಯ ಯುವ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಯಲ್ಲಿ ಹೆಚ್ಚು ಮತ ಪಡೆದವರು ಅನರ್ಹರಾಗಿ, ಎರಡನೆಯವರು ಅಧ್ಯಕ್ಷರಾಗಿ, ಕೊನೆಗೆ ಅವಧಿಯನ್ನೇ ಇಬ್ಬರಿಗೂ ಹಂಚಬೇಕಾಗಿ ಬಂದದ್ದನ್ನು ನಾವು ನೋಡಿದ್ದೇವೆ. ಆದುದರಿಂದ ರಾಜ್ಯ ಮಟ್ಟದಿಂದ ಆರಂಭಿಸುವುದು ಬೇಡ. ಬ್ಲಾಕ್ ಅಧ್ಯಕ್ಷ, ಮಂಡಲ ಅಧ್ಯಕ್ಷ ಎಂಬ ಹುದ್ದೆಗಳಿವೆಯಲ್ಲ, ಅಲ್ಲಿಂದ ಆಗಲಿ. ತೀರ್ಥಹಳ್ಳಿಯಲ್ಲಿಯೋ ಹೊಸನಗರದಲ್ಲಿಯೋ ಯಾರು ನಿಜವಾದ ಸದಸ್ಯ, ಯಾರು ಹೆಸರಿಗಷ್ಟೇ ಸದಸ್ಯ ಎಂಬುದು ಊರಿನವರಿಗೆಲ್ಲ ಗೊತ್ತಿರುತ್ತದೆ. ಕನಿಷ್ಠ ಎರಡು ವರ್ಷದ ಹಳೆಯ ಸದಸ್ಯತ್ವ, ಪಕ್ಷದ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಸದಸ್ಯರ ಪಟ್ಟಿ, ಹೊರಗಿನ ಒಬ್ಬ ನಿವೃತ್ತ ಅಧಿಕಾರಿಯ ಮೇಲ್ವಿಚಾರಣೆ, ಎಣಿಕೆಯ ಅಂಕಿ ಅಂದೇ ಪ್ರಕಟ, ಇಷ್ಟನ್ನು ಪಾಲಿಸಲು ಸಂಸತ್ತಿನ ಕಾನೂನಿಗಾಗಿ ಕಾಯಬೇಕಾಗಿಲ್ಲ, ಪಕ್ಷದ ಜಿಲ್ಲಾ ಸಮಿತಿಯ ಮನಸ್ಸು ಸಾಕು. ಈಗ ನಡೆಯುವ ಕ್ರಮದಲ್ಲಿ ಮೊದಲೇ ಒಂದು ಹೆಸರನ್ನು ಪಟ್ಟಿ ಮಾಡಿ ತಂದು, ಸಭೆಯಲ್ಲಿ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿ, ಹಾರ ಹಾಕಿ ಸರ್ವಾನುಮತದ ಆಯ್ಕೆ ಎಂದು ಪ್ರಕಟಣೆ ಕೊಡಲಾಗುತ್ತದೆ. ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಆ ಹಾರದ ಚಿತ್ರ ಅಚ್ಚಾಗುತ್ತದೆ. ಸಭೆಗೆ ಬಂದವರಲ್ಲಿ ಒಪ್ಪದವರು ಎಷ್ಟು ಮಂದಿ ಎಂಬುದು ಮುಂದಿನ ಚುನಾವಣೆಯಲ್ಲಿ ಬಂಡಾಯ ಅಭ್ಯರ್ಥಿ ನಿಂತಾಗಲೇ ಗೊತ್ತಾಗುವುದು.

ಮುಂದಿನ ಸಾಲಿನ ನಾಯಕರು ತಯಾರಾಗುವ ಇನ್ನೊಂದು ಜಾಗವೂ ಬಾಗಿಲು ಮುಚ್ಚಿಕೊಂಡದ್ದನ್ನು ಇಲ್ಲಿ ಹೇಳದಿರಲಾರೆ. ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಯಾವ ಮನೆತನದ ಹಿನ್ನೆಲೆಯೂ ಇಲ್ಲದ ನೂರಾರು ಯುವಕರು, ಮೊದಲ ಸಲ ಮನೆಯಿಂದ ಹೊರಬಂದ ಮಹಿಳೆಯರು ಸಾರ್ವಜನಿಕ ಜೀವನಕ್ಕೆ ಬಂದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆಯನ್ನು ಅಧಿಕಾರದಲ್ಲಿದ್ದ ಪಕ್ಷಗಳೆಲ್ಲ, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳನ್ನು ಮುಂದೊಡ್ಡಿ, ವರ್ಷಾನುಗಟ್ಟಲೆ ಮುಂದೂಡಿದವು. ಶಾಸಕರಿಗೆ ತಾಲ್ಲೂಕಿನಲ್ಲಿ ಪೈಪೋಟಿ ಇಲ್ಲದಿದ್ದರೆ ಅನುಕೂಲವೇ. ಅಲ್ಲಿ ಐದು ವರ್ಷ ಕೆಲಸ ಮಾಡಿ ಹೆಸರು ಗಳಿಸಬಹುದಾಗಿದ್ದ ಮಹಿಳೆಗೆ ಅಥವಾ ಹಿಂದುಳಿದ ವರ್ಗದ ಯುವಕನಿಗೆ ಆದ ನಷ್ಟ ಯಾವ ಲೆಕ್ಕದಲ್ಲೂ ಬರುವುದಿಲ್ಲ. ನಾಳೆ ಟಿಕೆಟ್ ಹಂಚುವ ಹೊತ್ತಿಗೆ ಗೆಲ್ಲುವ ಕುದುರೆ ಬೇರೆ ಯಾರೂ ಇಲ್ಲ, ಸಾಹೇಬರ ಮಗನೇ ಇರುವುದು ಎಂದು ಹೇಳುವವರೂ ಇದೇ ಪಕ್ಷಗಳವರು.

ಕೊನೆಯದಾಗಿ ನಿಮ್ಮ ಪತ್ರಿಕೆಗೆ ಒಂದು ವಿನಂತಿ. ಶಿವಮೊಗ್ಗದಲ್ಲಿರುವ ಮೂರೂ ಪ್ರಮುಖ ಪಕ್ಷಗಳ ಜಿಲ್ಲಾ ಕಚೇರಿಗಳಿಗೆ ನಿಮ್ಮ ವರದಿಗಾರರನ್ನು ಕಳುಹಿಸಿ, ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲಿ ಪ್ರಾಥಮಿಕ ಸದಸ್ಯರೆಷ್ಟು, ಈಗಿನ ತಾಲ್ಲೂಕು ಅಧ್ಯಕ್ಷರು ಯಾವ ದಿನ, ಎಷ್ಟು ಮತಗಳಿಂದ, ಯಾರ ವಿರುದ್ಧ ಆಯ್ಕೆಯಾದರು ಎಂದು ಕೇಳಿಸಿ. ಪಕ್ಷಗಳ ಸ್ವಂತ ನಿಯಮಾವಳಿಯ ಪ್ರಕಾರ ಇವು ಅವರ ಕಡತದಲ್ಲಿ ಇರಲೇಬೇಕಾದ ಮಾಹಿತಿ. ಸಿಕ್ಕ ಉತ್ತರಗಳನ್ನು ತಾಲ್ಲೂಕುವಾರು ಪ್ರಕಟಿಸಿ. ಉತ್ತರ ಕೊಡದ ಕಚೇರಿಯ ಮುಂದೆ ಆ ಜಾಗವನ್ನು ಖಾಲಿ ಬಿಟ್ಟು ಹಾಗೆಯೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ